ಮೂಗಿಗೆ ತುಪ್ಪ, ಪಕ್ಕದಲ್ಲಿ ತುಪ್ಪದ ಜಾಹೀರಾತು



ಚುನಾವಣೆ ಬಂತು ಅಂದ್ರೆ ಭರವಸೆಗಳ ಸುರಿಮಳೆ. ಅದನ್ನು ನೋಡಿ ಒಬ್ಬ ಹಾಸ್ಯ ಬರಹಗಾರ ತನ್ನ ಪುಟ್ಟ ವೆಬ್‌ಸೈಟ್‌ನಲ್ಲಿ ಬರೀತಾನೆ ಅಂತ ಇಟ್ಕೊಳ್ಳಿ: 'ಮತದಾರನ ಮೂಗಿಗೆ ತುಪ್ಪ ಸವರುವುದು ಹೇಗೆ?' ನೀವು ಓದ್ತೀರಿ, ನಗ್ತೀರಿ. ಆದರೆ ಅದೇ ಪುಟವನ್ನು ಒಂದು ಯಂತ್ರವೂ ಓದುತ್ತೆ. ಅದಕ್ಕೆ ವ್ಯಂಗ್ಯ ಗೊತ್ತಿಲ್ಲ, ತುಪ್ಪ ಗೊತ್ತು. ಹಾಗಾಗಿ ಪಕ್ಕದಲ್ಲೇ ತುಪ್ಪದ ಜಾಹೀರಾತು ತಂದು ಕೂರಿಸಬಹುದು! 'ಹೊಟ್ಟೆ ಹುಣ್ಣಾಗುವಂತೆ ನಗಿ' ಅಂದ್ರೆ ಅಲ್ಸರ್ ಮಾತ್ರೆ. 'ಕಿವಿ ಮೇಲೆ ಹೂವು' ಅಂದ್ರೆ ಹೂವಿನ ಅಂಗಡಿ.

ಕೇಳೋಕೆ ತಮಾಷೆ. ಆದರೆ ಬರೆದವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಈ ವ್ಯವಸ್ಥೆ ಕೆಲಸ ಮಾಡೋದು ಹೇಗೆ? ಇಂಜಿನಿಯರಿಂಗ್ ಓದಿದವನಾಗಿ ಸರಳವಾಗಿ ಹೇಳ್ತೀನಿ. ಗೂಗಲ್ 2003ರಲ್ಲಿ ಆಡ್‌ಸೆನ್ಸ್ ಶುರು ಮಾಡಿತು. ಅದರ ಒಂದು ತಂತ್ರಾಂಶ ನಿಮ್ಮ ಪುಟಕ್ಕೆ ಬಂದು ಅಲ್ಲಿರುವ ಪದಗಳನ್ನು ಓದುತ್ತೆ, ವಿಷಯ ಏನು ಅಂತ ಅಂದಾಜು ಮಾಡುತ್ತೆ. ಆ ಜಾಗಕ್ಕಾಗಿ ಜಾಹೀರಾತುದಾರರ ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ನಡೆದು ಹೋಗುತ್ತೆ. ಅಡುಗೆ ಪುಟಕ್ಕೆ ಮಿಕ್ಸಿ, ಕೃಷಿ ಪುಟಕ್ಕೆ ಟ್ರ್ಯಾಕ್ಟರ್. ಸರಿ ಹೊಂದಿದಾಗ ಓದುಗನಿಗೂ ಲಾಭ, ಬರೆದವನಿಗೂ ಲಾಭ.

ಎಡವಟ್ಟಾದಾಗ? ಅದೇ 2003ರಲ್ಲಿ ಅಮೆರಿಕದ 'ನ್ಯೂಯಾರ್ಕ್ ಪೋಸ್ಟ್' ವೆಬ್‌ಸೈಟ್‌ನಲ್ಲಿ ಒಂದು ಕೊಲೆ ಸುದ್ದಿ ಬಂತು. ಶವದ ತುಂಡುಗಳನ್ನು ಸೂಟ್‌ಕೇಸ್‌ನಲ್ಲಿ ತುಂಬಿದ್ದ ಪ್ರಕರಣ ಅದು. ಪಕ್ಕದಲ್ಲಿ ಕಾಣಿಸಿಕೊಂಡಿದ್ದು ಸೂಟ್‌ಕೇಸ್ ಜಾಹೀರಾತು! ಯಂತ್ರದ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಪದ ಹೊಂದಿತು. ಸಂದರ್ಭ ಮಾತ್ರ ಕೈಕೊಟ್ಟಿತು.

ಗಂಭೀರ ಸುದ್ದಿಗೇ ಹೀಗಾದರೆ ಹಾಸ್ಯದ ಗತಿ ಏನು? ಹಾಸ್ಯ ನಿಂತಿರೋದೇ ಹೇಳೋದೊಂದು, ಅರ್ಥ ಇನ್ನೊಂದು ಅನ್ನೋದರ ಮೇಲೆ. ಇವತ್ತಿನ ಯಂತ್ರ ಅಂದಿನದಕ್ಕಿಂತ ಎಷ್ಟೋ ಜಾಣ, ನಿಜ. ಆದರೂ ಕೊಂಕು ಮಾತು ಅರ್ಥ ಆಗೋಕೆ ಊರು ಗೊತ್ತಿರಬೇಕು, ಜನ ಗೊತ್ತಿರಬೇಕು. ಅದರಲ್ಲೂ ಕನ್ನಡದ ಕೊಂಕು! ಆಡ್‌ಸೆನ್ಸ್ ಹಿಂದಿಯನ್ನು ಒಪ್ಪಿಕೊಂಡಿದ್ದೇ 2014ರ ಕೊನೆಗೆ. ಕನ್ನಡ ಆ ಪಟ್ಟಿ ಸೇರೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು.

ಈಗ ದುಡ್ಡಿನ ವಿಷಯ. ಜಾಹೀರಾತುದಾರ ಕೊಟ್ಟಿದ್ದರಲ್ಲಿ ವೆಬ್‌ಸೈಟ್‌ನವರಿಗೆ ಶೇಕಡಾ 68 ಅಂತ ಗೂಗಲ್ 2010ರಲ್ಲಿ ತಾನೇ ಹೇಳಿತು. ಕೇಳೋಕೆ ದೊಡ್ಡ ಪಾಲು. ಆದರೆ ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಕೈಗೆ ಒಂದು ಪೈಸೆಯೂ ಬರಲ್ಲ. ದಿನಕ್ಕೆ ನಾಲ್ಕು ನೂರು ಜನ ಓದುವ ಹಾಸ್ಯದ ತಾಣಕ್ಕೆ ಆ 100 ಡಾಲರ್ ಅನ್ನೋದು ತಿಂಗಳುಗಟ್ಟಲೆ ಕಾಯುವ ದಾರಿ. ಅದರ ಮೇಲೆ ಸಂಬಂಧವೇ ಇಲ್ಲದ ಜಾಹೀರಾತು ಬಂದರೆ ಯಾರು ತಿರುಗಿ ನೋಡ್ತಾರೆ?

ಹಾಗಾದರೆ ಏನು ಮಾಡಬಹುದು?

ಮೊದಲನೆಯದು, ಜೋಕಿನ ಸುತ್ತ ನೇರ ಮಾತು ಇಡಿ. ಬರೀ ವ್ಯಂಗ್ಯಚಿತ್ರ ಹಾಕಿ ಬಿಟ್ಟರೆ ಯಂತ್ರಕ್ಕೆ ಓದೋಕೆ ಹೆಚ್ಚೇನೂ ಸಿಗಲ್ಲ. ಕೆಳಗೆ ಎರಡು ಸಾಲು ಬರೀರಿ: ಇದು ಬೆಂಗಳೂರಿನ ಟ್ರಾಫಿಕ್ ಬಗ್ಗೆ, ಇದು ಮದುವೆ ಊಟದ ಬಗ್ಗೆ. ವಿಭಾಗಗಳಿಗೆ ಸ್ಪಷ್ಟ ಹೆಸರು ಕೊಡಿ. ಪಂಚ್ ಒಳಗಿರಲಿ, ಬೋರ್ಡ್ ಹೊರಗಿರಲಿ.

ಎರಡನೆಯದು, ಬೇಡದ್ದಕ್ಕೆ ಬಾಗಿಲು ಹಾಕಿ. ಜ್ಯೋತಿಷ್ಯ, ತೂಕ ಇಳಿಸೋದು, ರಾತ್ರೋರಾತ್ರಿ ಶ್ರೀಮಂತರಾಗೋದು, ಇಂಥ ವಿಭಾಗಗಳನ್ನು ತಡೆಯುವ ಅವಕಾಶ ಆಡ್‌ಸೆನ್ಸ್‌ನಲ್ಲೇ ಇದೆ. ಮೂಢನಂಬಿಕೆಯನ್ನು ಗೇಲಿ ಮಾಡುವ ಲೇಖನದ ಪಕ್ಕದಲ್ಲೇ ವಶೀಕರಣದ ಜಾಹೀರಾತು ಬಂದರೆ ಓದುಗ ನಗೋದು ಲೇಖನಕ್ಕಲ್ಲ, ನಿಮಗೆ.

ಮೂರನೆಯದು, ಎಲ್ಲ ತಪ್ಪೂ ನಿಮ್ಮ ಪುಟದ್ದು ಅಂದ್ಕೋಬೇಡಿ. 2009ರಿಂದ ಗೂಗಲ್ ಓದುಗನ ಆಸಕ್ತಿ ನೋಡಿಯೂ ಜಾಹೀರಾತು ಕೊಡ್ತಿದೆ. ನಿನ್ನೆ ಚಪ್ಪಲಿ ಹುಡುಕಿದವನಿಗೆ ಇವತ್ತು ನಿಮ್ಮ ಪುಟದಲ್ಲೂ ಚಪ್ಪಲಿಯೇ ಕಾಣಬಹುದು. ಅದು ಪುಟಕ್ಕೆ ಬಂದ ಜಾಹೀರಾತಲ್ಲ, ಅವನ ಬೆನ್ನು ಹತ್ತಿ ಬಂದಿದ್ದು.

ನಾಲ್ಕನೆಯದು, ಯಂತ್ರವೊಂದನ್ನೇ ನಂಬಿ ಕೂರಬೇಡಿ. ನಿಮ್ಮ ಓದುಗ ಯಾರು ಅಂತ ನಿಮಗೆ ಗೊತ್ತು. ನಾಟಕ ನೋಡುವವನಾ? ಪುಸ್ತಕ ಕೊಳ್ಳುವವನಾ? ಹಾಗಿದ್ದರೆ ನಾಟಕ ತಂಡ, ಪ್ರಕಾಶಕ, ಪಕ್ಕದ ಬೀದಿಯ ಹೋಟೆಲ್‌ನವರ ಹತ್ತಿರ ನೇರವಾಗಿ ಹೋಗಿ ಕೇಳಿ. ಸಣ್ಣ ತಾಣದ ಬಲ ಸಂಖ್ಯೆಯಲ್ಲಿಲ್ಲ, ಗುರುತಿನಲ್ಲಿದೆ.

ಆದರೆ ಒಂದು ದಾರಿ ಮಾತ್ರ ಹಿಡಿಯಬೇಡಿ. ಸಾಲ, ವಿಮೆ, ಸೈಟು, ಇಂಥ ಪದಗಳಿಗೆ ರೇಟ್ ಜಾಸ್ತಿ ಅಂತ ಜೋಕಿನ ಮಧ್ಯೆ ಅವನ್ನೇ ತುರುಕುವವರಿದ್ದಾರೆ. ಅತ್ತೆ-ಸೊಸೆ ಜಗಳದ ಜೋಕಿನಲ್ಲಿ ಗೃಹಸಾಲದ ಬಡ್ಡಿದರ ಯಾಕೆ ಬರಬೇಕು ಸ್ವಾಮಿ? ಇವತ್ತು ಒಂದು ಪದ, ನಾಳೆ ಒಂದು ಸಾಲು, ನಾಡಿದ್ದು ಇಡೀ ಬರಹ. ಕೊನೆಗೆ ಸಂಬಂಧಪಟ್ಟ ಜಾಹೀರಾತು ಸಿಗುತ್ತೆ, ನಿಜ. ಯಾಕಂದ್ರೆ ಅಷ್ಟೊತ್ತಿಗೆ ಬರಹವೇ ಜಾಹೀರಾತಾಗಿರುತ್ತೆ!

ಟಿವಿಯಲ್ಲಿ ಕೂತ ನಮಗೆ ಈ ಸೆಳೆತ ಹೊಸದಲ್ಲ. ಯಾವ ಸುದ್ದಿಗೆ ಬ್ರೇಕ್ ತುಂಬುತ್ತೆ, ಯಾವುದಕ್ಕೆ ತುಂಬಲ್ಲ ಅನ್ನೋ ಲೆಕ್ಕ ಪ್ರತಿ ನ್ಯೂಸ್‌ರೂಮಿನ ಗೋಡೆಯಾಚೆ ನಡೀತಾನೇ ಇರುತ್ತೆ. ಆ ಲೆಕ್ಕ ಇರಬೇಕು, ಇಲ್ಲದಿದ್ದರೆ ಸಂಬಳ ಆಗಲ್ಲ. ಆದರೆ ಸುದ್ದಿಯನ್ನು ಅದು ಬರೆಯಬಾರದು. ಹಾಸ್ಯಕ್ಕೂ ಅದೇ ಮಾತು.

ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, 1942ರಲ್ಲಿ 'ಕೊರವಂಜಿ' ಶುರು ಮಾಡಿ 25 ವರ್ಷ ನಡೆಸಿದರು. ಜನ ಇವತ್ತಿಗೂ ನೆನೆಸಿಕೊಳ್ಳೋದು ಅದರ ನಗೆಯನ್ನು, ನಗೆಯ ಪಕ್ಕದಲ್ಲಿದ್ದ ಜಾಹೀರಾತನ್ನಲ್ಲ.

ಹಾಗಾಗಿ ಜಾಹೀರಾತು ಬೇಕು, ಖಂಡಿತ ಬೇಕು. ಬರೆಯುವವನೂ ಅಕ್ಕಿ ಕೊಳ್ಳಬೇಕಲ್ವಾ? ಯಂತ್ರಕ್ಕೆ ಅರ್ಥ ಆಗೋ ಹಾಗೆ ಪುಟ ಕಟ್ಟಿ. ಜೋಕು ಮಾತ್ರ ಮನುಷ್ಯರಿಗೆ ಅರ್ಥ ಆಗೋ ಹಾಗೇ ಬರೀರಿ.