ಆನೆ ದಾರಿಯಲ್ಲಿ ನಮ್ಮ ಮಕ್ಕಳು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಆಲೂರು, ಸಕಲೇಶಪುರ ಸೀಮೆಯಲ್ಲಿ ಇಬ್ಬರು ಸೇರಿದರೆ ಮಳೆ, ಕಾಫಿ ರೇಟು ಮುಗಿದ ಮೇಲೆ ಬರುವ ಮಾತು ಆನೆಯದೇ. ಯಾರ ತೋಟದಲ್ಲಿದೆ ಎಂದು ಕೇಳಿಕೊಂಡೇ ಕೂಲಿಯವರು ಮನೆ ಬಿಡುತ್ತಾರೆ. ಆನೆಗೆ ಹೆದರಿ ಭತ್ತ ಹಾಕುವುದನ್ನೇ ಬಿಟ್ಟವರು ಇಲ್ಲಿ ಕುಳಿತಿದ್ದೀರಿ.

ಆನೆಯೊಂದನ್ನೇ ದೂರಿ ಪ್ರಯೋಜನವಿಲ್ಲ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು. ಹಿನ್ನೀರು ನೆಲ ನುಂಗಿತು. ಉಳಿದ ಕಾಡಿನ ನಡುನಡುವೆ ತೋಟ, ರಸ್ತೆ, ತಂತಿಬೇಲಿ ಬಂದವು. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಪ್ರಾಣಿ ಚೂರು ಕಾಡಿನಲ್ಲಿ ನಿಲ್ಲುವುದು ಹೇಗೆ? ಬಾಳೆ, ಹಲಸು, ತೆನೆಗಟ್ಟಿದ ಭತ್ತ ಕಂಡ ಕಡೆ ನುಗ್ಗುತ್ತದೆ.

ಹಿಡಿದು ಸಾಗಿಸುವುದೊಂದೇ ಪರಿಹಾರವಾಗಿದ್ದರೆ, 2014ರಲ್ಲಿ 22 ಆನೆ ಹಿಡಿದಾಗಲೇ ಕಾಟ ತೀರಬೇಕಿತ್ತು. ಬೇರೆ ಆನೆಗಳು ಬಂದವು. ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯಲು ಬಂದು ಯಸಳೂರಿನ ಕಾಡಿನಲ್ಲಿ ಪ್ರಾಣ ಬಿಟ್ಟ.

ಕಾಡು ಮತ್ತೆ ಕೂಡಿಕೊಳ್ಳಲು ವರ್ಷಗಳು ಬೇಕು. ಹತ್ತನೇ ತರಗತಿಯ ಮಕ್ಕಳು ಅಷ್ಟು ದಿನ ಕಾಯಲಾರರು. ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಕತ್ತಲಲ್ಲಿ ತೋಟದ ದಾರಿ ಹಿಡಿಯಬೇಕೆಂದರೆ ಯಾವ ತಾಯಿ ಕಳಿಸುತ್ತಾಳೆ? ಹೆಣ್ಣುಮಕ್ಕಳ ಓದು ಮೊದಲು ನಿಲ್ಲುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ: ಕಮಾನು ಆಮೇಲೆ ಕಟ್ಟೋಣ, ಮೊದಲು ಮಕ್ಕಳನ್ನು ಮನೆ ಮುಟ್ಟಿಸುವ ಒಂದು ಜೀಪು ಗೊತ್ತುಮಾಡೋಣ. ರೈತ ಬಂಧುಗಳೇ, ಬೇಲಿಗೆ ನೇರ ಕರೆಂಟು ಕೊಡಬೇಡಿ. ಅದು ಆನೆ ಯಾವುದು, ಮಗು ಯಾವುದು ಎಂದು ನೋಡುವುದಿಲ್ಲ.