ಬರಿಗಾಲಿನ ಫುಟ್‌ಬಾಲ್

ಹೊಸೂರು, ಕೃಷ್ಣಗಿರಿ, ಧರ್ಮಪುರಿ ಕಡೆಯ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವತ್ತಿನ ಈ ಮಾತು. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಈ ಊರುಗಳೆಲ್ಲ ಸೇಲಂ ಜಿಲ್ಲೆಗೆ ಸೇರಿದ್ದವು. ಹೊಸೂರಿಗೂ ಬೆಂಗಳೂರಿಗೂ ನಡುವೆ ಸುಮಾರು 40 ಕಿಲೋಮೀಟರು, ಅಷ್ಟೆ. ಅತ್ತಿಬೆಲೆಯಲ್ಲಿ ಗಡಿ ಬಂತು ಎಂದು ಮಾತು ಬದಲಾಗುವುದಿಲ್ಲ, ಮಣ್ಣೂ ಬದಲಾಗುವುದಿಲ್ಲ. ಅತ್ತ ಬೆಂಗಳೂರಿನ ದಂಡು ಪ್ರದೇಶದಲ್ಲಿ ತಮಿಳು ಜಿಲ್ಲೆಗಳಿಂದ ಬಂದು ನೆಲೆಸಿದ ಕುಟುಂಬಗಳು ಸಾವಿರಾರು. ಕನ್ನಡ, ತಮಿಳು, ಉರ್ದು, ತೆಲುಗು ಬೆರೆತ ಆ ಬೀದಿಗಳಿಂದ ಕಳೆದ ಶತಮಾನದ ನಡುವಿನಲ್ಲಿ ಎಂಥ ಫುಟ್‌ಬಾಲ್ ಹುಟ್ಟಿಬಂತು ಎಂಬುದನ್ನು ಇವತ್ತು ನೆನೆಯೋಣ.

ಚೆಂಡನ್ನು ತಂದವರು ಬ್ರಿಟಿಷ್ ಸೈನಿಕರು. 1809ರ ಸುಮಾರಿಗೆ ಬೆಂಗಳೂರಿನಲ್ಲಿ ದಂಡು ನೆಲೆಯೂರಿತು. ಅದರ ಸುತ್ತ ಕವಾಯತು ಮೈದಾನಗಳಾದವು. ಸಂಜೆ ಹೊತ್ತು ಪಲ್ಟಣಗಳು ಆಡುವುದನ್ನು ನೋಡುತ್ತ ನಿಂತ ಹುಡುಗರು ತಾವೂ ಕಲಿತರು. ಆಟ ಸಿಕ್ಕಿತು, ಬೂಟು ಸಿಗಲಿಲ್ಲ. ಬೂಟಿನ ಬೆಲೆ ಮನೆಯ ತಿಂಗಳ ಖರ್ಚನ್ನೇ ಏರುಪೇರು ಮಾಡುವ ಕಾಲ ಅದು. ಹುಡುಗರು ಬರಿಗಾಲಲ್ಲೇ ಮೈದಾನಕ್ಕಿಳಿದರು.

ಬರಿಗಾಲು ಎಂದ ಕೂಡಲೇ ನಮಗೆ ಕಾಣುವುದು ಬಡತನ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಆ ಕಾಲದ ಚೆಂಡನ್ನು ಕಣ್ಣಮುಂದೆ ತಂದುಕೊಳ್ಳಿ. ಮೇಲೆ ಚರ್ಮದ ಹೊಲಿಗೆ, ಒಳಗೆ ರಬ್ಬರಿನ ಬ್ಲಾಡರ್, ಬಾಯಿ ಕಟ್ಟಲು ಲೇಸು. ಆಟಗಾರ ಹಿಮ್ಮಡಿ ಮೇಲಿಂದ ಪಾದದ ನಡುವಿನವರೆಗೆ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಬೆರಳುಗಳು ಮಾತ್ರ ಹೊರಗೆ. ಬಂದ ಚೆಂಡನ್ನು ಅಂಗಾಲಿನಡಿ ಹಿಡಿದು ನಿಲ್ಲಿಸುವುದು, ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳುವುದು, ಪಾದದ ಮೇಲ್ಭಾಗದಿಂದ ಹೊಡೆಯುವುದು, ಹೀಗೆ ಎಲ್ಲವೂ ಪಾದದ ಸ್ಪರ್ಶದಿಂದಲೇ ನಡೆಯಬೇಕು. ಬೂಟು ಹಾಕಿದ ಎದುರಾಳಿಗೆ ಕಾಲು ಕೊಟ್ಟರೆ ಮೂಳೆ ಮುರಿದೀತು. ಆದ್ದರಿಂದ ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ, ಅವನು ಮೈಮೇಲೆ ಬೀಳುವ ಮೊದಲೇ ಜೊತೆಗಾರನಿಗೆ ದಾಟಿಸಬೇಕು. ಬೆಂಗಳೂರಿನ ಗಟ್ಟಿ ಕೆಮ್ಮಣ್ಣಿನ ನೆಲದ ಮೇಲೆ ಚೆಂಡು ಚುರುಕಾಗಿ ಉರುಳುತ್ತಿತ್ತು. ಹೀಗೆ ನೆಲವೂ ಪಾದವೂ ಸೇರಿ ಚಿಕ್ಕ ಚಿಕ್ಕ ಪಾಸಿನ ಚುರುಕು ಆಟವೊಂದನ್ನು ಕಲಿಸಿದವು.

ಈ ಆಟದ ಶಕ್ತಿ ದೇಶಕ್ಕೆ ತಿಳಿದದ್ದು 1937ರಲ್ಲಿ. ಬೊಂಬಾಯಿಯ ರೋವರ್ಸ್ ಕಪ್ ಆರಂಭವಾದದ್ದು 1891ರಲ್ಲಿ. ಅಲ್ಲಿಂದ ಮುಂದೆ ವರ್ಷ ವರ್ಷವೂ ಕಪ್ ಪಲ್ಟಣಗಳ ಪಾಲಾಗುತ್ತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಕಲ್ಕತ್ತೆಯ ಹೆಸರಾಂತ ಮೊಹಮ್ಮಡನ್ ಸ್ಪೋರ್ಟಿಂಗನ್ನು ಫೈನಲ್‌ನಲ್ಲಿ ಮಣಿಸಿ ಆ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಮತ್ತೆ ಗೆದ್ದಿತು, ಹತ್ತು ವರ್ಷದ ನಂತರ 1948ರಲ್ಲಿ ಇನ್ನೊಮ್ಮೆ ಗೆದ್ದಿತು.

ಈ ನಡುವೆ 1946–47ರ ಸಾಲು ಬಂತು. ಸಂತೋಷ್ ಟ್ರೋಫಿ, ಅಂದರೆ ಪ್ರಾಂತ್ಯಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿ, ಆ ಸಲ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಮೈಸೂರಿಗೆ ಎದುರಾದದ್ದು ಬಂಗಾಳ. ಮೊದಲ ದಿನ ಇಬ್ಬರಿಗೂ ಗೋಲಿಲ್ಲ. ಮರುಪಂದ್ಯದಲ್ಲಿ ಮೈಸೂರು 2–1ರಿಂದ ಗೆದ್ದಿತು. ಕಲ್ಕತ್ತೆಯಲ್ಲಿದ್ದ ದೊಡ್ಡ ಕ್ಲಬ್ಬುಗಳಾಗಲಿ, ಲೀಗಾಗಲಿ, ಟಿಕೆಟ್ಟಿನ ಹಣವಾಗಲಿ ಇಲ್ಲದ ಸಂಸ್ಥಾನ ನಮ್ಮದು. ಬೀದಿ, ಮೈದಾನ, ಶಾಲೆ ಕಾಲೇಜುಗಳಲ್ಲಿ ಆಡಿ ಬೆಳೆದ ಹುಡುಗರು ಫುಟ್‌ಬಾಲಿನ ರಾಜಧಾನಿಯನ್ನೇ ಸೋಲಿಸಿದರು.

ಸ್ವಾತಂತ್ರ್ಯ ಬಂದ ಮರುವರ್ಷ ಲಂಡನ್ ಒಲಿಂಪಿಕ್ಸ್. ನಾಗಾ ನಾಡಿನ ಡಾಕ್ಟರ್ ಟಿ. ಆವೊ ನಾಯಕತ್ವದ ಭಾರತ ತಂಡದಲ್ಲಿ ನಮ್ಮ ಕಡೆಯವರು ಎಷ್ಟು ಮಂದಿ! ಗೋಲ್‌ಕೀಪರ್ ಕೆ. ವಿ. ವರದರಾಜ್, ಬಷೀರ್, ವಜ್ರವೇಲು, ಸಾರಂಗಪಾಣಿ ರಾಮನ್, ಧನರಾಜ್, ಅಹ್ಮದ್ ಖಾನ್. ಈ ಹೆಸರುಗಳನ್ನು ಸಾಲಾಗಿ ಹೇಳಿದರೆ ಸಾಕು, ದಂಡಿನ ಬೀದಿಗಳೇ ಕಣ್ಣಿಗೆ ಬರುತ್ತವೆ.

1948ರ ಜುಲೈ 31. ಲಂಡನ್ನಿನ ಪಕ್ಕದ ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನ. ಎದುರಿಗೆ ಫ್ರಾನ್ಸ್. ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಇಳಿದಾಗ ಪ್ರೇಕ್ಷಕರು ಬೆರಗಾದರು. ಮೊದಲರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. 70ನೇ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ ಫುಟ್‌ಬಾಲಿನಲ್ಲಿ ಮೊದಲ ಗೋಲು ಹೊಡೆದವರು ಮೈಸೂರಿನ ಆಟಗಾರ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಪಂದ್ಯ ಮುಗಿಯಲು ನಿಮಿಷವಷ್ಟೇ ಇದೆ ಎನ್ನುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಆ ತಂಡ ಲಂಡನ್ನಿನವರ ಮನಸ್ಸು ಗೆದ್ದು ಬಂತು.

ಅಲ್ಲಿಂದ ಮುಂದೆ ಅಹ್ಮದ್ ಖಾನ್ ಅವರ ಕಾಲ. ಅವರ ತಂದೆಯೂ ಬೆಂಗಳೂರಿನ ಆಟಗಾರರೇ. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ ಅವರು ಧನರಾಜ್, ಅಪ್ಪಾರಾವ್, ಸಾಲೆ, ವೆಂಕಟೇಶ್ ಜೊತೆ ಆಡಿದರು. ಈ ಐವರು ಫಾರ್ವರ್ಡ್‌ಗಳನ್ನು ಬಂಗಾಳದ ಜನ ಪಂಚಪಾಂಡವರು ಎಂದೇ ಕರೆದರು. ಚೆಂಡನ್ನು ಪಾದಕ್ಕಂಟಿಸಿಕೊಂಡು ಸಾಗುವ ಅಹ್ಮದ್ ಖಾನ್‌ಗೆ ಹಾವಾಡಿಗ ಎಂಬ ಬಿರುದೇ ಬಂತು. 1949, 50, 51, ಮೂರು ವರ್ಷ ಸತತವಾಗಿ ಈಸ್ಟ್ ಬೆಂಗಾಲ್ ಐ.ಎಫ್.ಎ. ಶೀಲ್ಡ್ ಗೆದ್ದಿತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಾಗಲೂ ಅವರು ತಂಡದಲ್ಲಿದ್ದರು.

ಇಲ್ಲೊಂದು ಮಾತು ಸ್ಪಷ್ಟಪಡಿಸಬೇಕು. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲ ಎಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಇದು ಸರಿಯಲ್ಲ. ಬೇರೆ ತಂಡಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಬ್ರೆಜಿಲ್‌ಗೆ ಹೋಗುವ ಅವಕಾಶ ತಾನಾಗಿ ಒದಗಿತ್ತು. ಬೇಡವೆಂದದ್ದು ನಮ್ಮದೇ ಫುಟ್‌ಬಾಲ್ ಒಕ್ಕೂಟ. ಆಗಿನವರಿಗೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು. ಆ ತಪ್ಪಿನ ಹೊರೆಯನ್ನು ಆಟಗಾರರ ಪಾದಗಳ ಮೇಲೆ ಹೊರಿಸುವುದು ನ್ಯಾಯವಲ್ಲ.

ಬರಿಗಾಲಿಗೂ ಮಿತಿ ಇತ್ತು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ, ಪರಿಚಯವಿಲ್ಲದ ಹುಲ್ಲಿನ ಮೇಲೆ, ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಗಟ್ಟಿ ನೆಲ ಕಲಿಸಿದ ಆಟ ಒದ್ದೆ ನೆಲದಲ್ಲಿ ಕೈಕೊಟ್ಟಿತು. ಆಮೇಲೆ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬೂಟು ತೊಟ್ಟ ಭಾರತ ತಂಡ ನಾಲ್ಕನೆಯ ಸ್ಥಾನಕ್ಕೆ ಬಂತು. ಆ ತಂಡದ ಹಾಫ್‌ಬ್ಯಾಕ್ ನಮ್ಮ ಕೆಂಪಯ್ಯ. ಬೂಟು ಬಂದರೂ ಚಿಕ್ಕ ಪಾಸಿನ ಚುರುಕು ಉಳಿದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಮೈಸೂರು 1952–53ರಲ್ಲಿ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 1967–68ರಲ್ಲಿ, 1968–69ರಲ್ಲಿ. ನಾಲ್ಕರಲ್ಲಿ ಮೂರು ಸಲ ಫೈನಲ್‌ನಲ್ಲಿ ಸೋತದ್ದು ಬಂಗಾಳವೇ. ಎಚ್.ಎ.ಎಲ್., ಐ.ಟಿ.ಐ.ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ಅವರ ಮನೆಯ ಒಲೆ ಉರಿಯುವಂತೆ ನೋಡಿಕೊಂಡವು. ಅಲ್ಲಿಂದ ಮುಂದೆ ದೀರ್ಘ ಬರಗಾಲ. ಮತ್ತೆ ಟ್ರೋಫಿ ಸಿಕ್ಕಿದ್ದು 54 ವರ್ಷಗಳ ನಂತರ, 2023ರ ಮಾರ್ಚಿನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ.

ಈ ಬರಗಾಲಕ್ಕೆ ಹಲವು ಕಾರಣಗಳಿವೆ. ನನಗೆ ಮುಖ್ಯವಾಗಿ ಕಾಣುವುದು ಬಯಲು ಕಡಿಮೆಯಾದದ್ದು. ಬೆಂಗಳೂರಿನ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ, ಆಟದ ಮೇಲಿನ ಪ್ರೀತಿಗೇನೂ ಕೊರತೆಯಿಲ್ಲ. ಕೊರತೆ ಇರುವುದು ಆಡುವ ಜಾಗಕ್ಕೆ. ಆ ತಲೆಮಾರಿನ ಆಟಗಾರರನ್ನು ಬೆಳೆಸಿದ್ದು ಅಕಾಡೆಮಿಯಲ್ಲ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದ ಮೈದಾನ. ಹೊಸೂರಿನಲ್ಲಿ ಕಾರ್ಖಾನೆಗಳು ಬೆಳೆಯುತ್ತಿವೆ, ಧರ್ಮಪುರಿ, ಸೇಲಂನಲ್ಲಿ ಕಾಲೇಜುಗಳು ಬೆಳೆಯುತ್ತಿವೆ. ಹೊಸ ಕಟ್ಟಡಕ್ಕೆ ಮೈದಾನದ ಮೂಲೆ ಕೇಳುವವರು ಬಂದಾಗ, ಬೇರೆ ಜಾಗ ಹುಡುಕಿ ಎಂದು ಹೇಳುವ ಧೈರ್ಯ ಪೋಷಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಇರಬೇಕು. ರಾಮನ್, ಅಹ್ಮದ್ ಖಾನ್ ಅಂಥವರು ಬೂಟಿಲ್ಲದೆ ದೊಡ್ಡವರಾದರು. ಮೈದಾನವಿಲ್ಲದೆ ಯಾರೂ ದೊಡ್ಡವರಾಗಲಾರರು.