ಗಿರಣಿಗಳ ಹೊಳೆ ಆಕರ್ಸೆಲ್ವಾ

ನಾರ್ವೆಯ ರಾಜಧಾನಿ ಓಸ್ಲೋವನ್ನು ಸೀಳಿಕೊಂಡು ಹರಿಯುವ ಆಕರ್ಸೆಲ್ವಾ ಒಂದು ಪುಟ್ಟ ಹೊಳೆ. ಮಾರಿದಾಲ್ಸ್‌ವಾನ್ನೆ ಸರೋವರದಿಂದ ಹೊರಟು ಕಡಲು ಸೇರಲು ಅದಕ್ಕೆ ಹತ್ತು ಕಿಲೋಮೀಟರ್ ದಾರಿಯೂ ಬೇಡ. ಅಷ್ಟರಲ್ಲೇ 149 ಮೀಟರ್ ಇಳಿಯುತ್ತದೆ, ಇಪ್ಪತ್ತರಷ್ಟು ಕಡೆ ಧುಮುಕುತ್ತದೆ. ಜನರನ್ನು ದಂಡೆಗೆ ಕರೆತಂದದ್ದು ಈ ಧುಮುಕುವ ರಭಸವೇ.

ಹಿಟ್ಟಿನ ಗಿರಣಿಗಳಿದ್ದವು, 16ನೇ ಶತಮಾನದಿಂದ ಮರ ಕೊಯ್ಯುವ ಗರಗಸಗಳೂ ನೀರಿನ ಬಲದಲ್ಲೇ ನಡೆದವು. ಮುಂದೆ ಕಾಗದದ ಕಾರ್ಖಾನೆಯೂ ಬಂತು.

ಹೊಳೆಯ ಬದುಕು ನಿಜಕ್ಕೂ ಬದಲಾದದ್ದು ಬ್ರಿಟನ್ನಿನ ಒಂದು ತೀರ್ಮಾನದಿಂದ. ಜವಳಿ ಯಂತ್ರಗಳನ್ನು ಹೊರದೇಶಕ್ಕೆ ಮಾರಬಾರದೆಂಬ ನಿಷೇಧವನ್ನು ಬ್ರಿಟನ್ 1843ರಲ್ಲಿ ತೆಗೆದುಹಾಕಿತು. ಎರಡು ಮೂರು ವರ್ಷಗಳಲ್ಲೇ ಆಡಮ್ ಹಿಯೋರ್ತ್, ಕ್ನುಡ್ ಗ್ರೋ ಮೊದಲಾದವರು ಇಲ್ಲಿ ನೂಲಿನ ಗಿರಣಿ ಕಟ್ಟಿಸಿದರು. 1855ರಲ್ಲಿ ಹಾಲ್ವೋರ್ ಸ್ಕೋವ್ ಅವರ ಹ್ಯೂಲಾ ನೇಯ್ಗೆ ಕಾರ್ಖಾನೆ, ಮರುವರ್ಷವೇ ಹಾಯಿಬಟ್ಟೆಯ ಕಾರ್ಖಾನೆ ಎದ್ದು ನಿಂತವು.

ಈ ಮಾಲೀಕರ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ಮಗ್ಗ ನಡೆಸಿದವರಲ್ಲಿ ಹೆಚ್ಚಿನವರು ಹೆಂಗಸರು, ಎಳೆಯ ಹುಡುಗಿಯರು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರ ನೆನಪಿನಲ್ಲೂ ಇಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳು ಕಾರ್ಖಾನೆಯಲ್ಲಿ ದುಡಿಯಬಾರದೆಂಬ ಕಾನೂನು ಬಂದದ್ದು 1892ರಲ್ಲಿ. ವಿಲ್ಹೆಲ್ಮ್ ಪೀಟರ್ಸ್ 1880ರ ದಶಕದ ಕೊನೆಯಲ್ಲಿ ಹ್ಯೂಲಾದ ಒಳಗನ್ನು ಚಿತ್ರಿಸಿದರು: ಒತ್ತೊತ್ತಾಗಿ ನಿಂತ ಮಗ್ಗಗಳು, ನಡುವೆ ದುಡಿಯುವ ಹೆಂಗಸರು. ಬೇಯರ್ ಸೇತುವೆಯ ಮೇಲೆ ಈಗ ಕಾರ್ಖಾನೆ ಹುಡುಗಿಯರ ಕಂಚಿನ ಪ್ರತಿಮೆಗಳಿವೆ. ಈ ಹೊಳೆಯ ದಂಡೆಯಲ್ಲಿ ಎಲ್ಲಕ್ಕಿಂತ ನ್ಯಾಯವಾದ ಸ್ಮಾರಕ ಅದೇ.

ಗಿರಣಿಗಳು ನೀರಿನ ಬಲವನ್ನು ಪಡೆದವು; ಬಣ್ಣದ ನೀರು, ಕೊಳಕು ಎಲ್ಲವನ್ನೂ ಅದೇ ನೀರಿಗೆ ಬಿಟ್ಟವು. 20ನೇ ಶತಮಾನದ ನಡುವಿನ ಹೊತ್ತಿಗೆ ಒಂದೊಂದಾಗಿ ಬಾಗಿಲು ಮುಚ್ಚಿದವು. 1980ರ ದಶಕದಲ್ಲಿ ದಂಡೆಯನ್ನು ಪರಿಸರ ಉದ್ಯಾನವಾಗಿಸುವ ಕೆಲಸ ಶುರುವಾಯಿತು. ಹಾಯಿಬಟ್ಟೆಯ ಕಾರ್ಖಾನೆಯಲ್ಲಿ ಇಂದು ಕಲಾ ಅಕಾಡೆಮಿಯಿದೆ. ದಂಡೆಯಲ್ಲಿದ್ದ ಧಾನ್ಯದ ಕಣಜ 2001ರಲ್ಲಿ ವಿದ್ಯಾರ್ಥಿನಿಲಯವಾಯಿತು. ಕಾಳು ತುಂಬಿದ್ದ ದುಂಡು ಗೋಪುರಗಳೊಳಗೇ ಕೋಣೆಗಳಾದ್ದರಿಂದ ಅಲ್ಲಿನ ಗೋಡೆಗಳು ಬಾಗಿವೆ.

ಸಾಲ್ಮನ್ ಮೀನುಗಳೂ ಮರಳಿದವು. ಆದರೆ 2011ರಲ್ಲಿ ಮೇಲ್ಭಾಗದ ನೀರು ಶುದ್ಧೀಕರಣ ಘಟಕದಿಂದ ಕ್ಲೋರಿನ್ ಸೋರಿ ಹೊಳೆಯ ಮೀನುಗಳು ಸತ್ತವು. ಓಸ್ಲೋದ ಬಹುಪಾಲು ಮನೆಗಳಿಗೆ ಕುಡಿಯುವ ನೀರು ಹೋಗುವುದೂ ಮಾರಿದಾಲ್ಸ್‌ವಾನ್ನೆಯಿಂದಲೇ. ಹಾಗಾಗಿ ನಲ್ಲಿಗಳಿಗೆ ಎಷ್ಟು, ಹೊಳೆಗೆ ಎಷ್ಟು ಎಂಬ ಲೆಕ್ಕ ಇಂದಿಗೂ ಸರೋವರದ ಕಟ್ಟೆಯ ಬಳಿಯೇ ತೀರ್ಮಾನವಾಗುತ್ತದೆ.